ಮೂರನೆಯ ಚರಣಕ್ಕೆ ಯಾರ ಒಪ್ಪಿಗೆ

ಬಳಸುವವರಿಲ್ಲದ ಭಾಷೆ ಸತ್ತರೆ ಸಾಯಲಿ ಎಂದು ವಾದಿಸಿ ನಾನು ಒಂದು ಕಪ್ ಗೆದ್ದಿದ್ದೆ. ಆಸ್ಟ್ರೇಲಿಯಾದ ಪರ್ತ್‌ನ ಶಾಲೆಗಳ ಚರ್ಚಾಸ್ಪರ್ಧೆ, ನಾನಾಗ ಹನ್ನೆರಡನೇ ತರಗತಿ. ಸಣ್ಣ ಭಾಷೆಗಳನ್ನು ಉಳಿಸಲು ಸರ್ಕಾರ ಖರ್ಚು ಮಾಡಬೇಕೇ ಎಂಬುದು ವಿಷಯ. ನಮ್ಮ ತಂಡಕ್ಕೆ ಬಂದದ್ದು ‘ಬೇಡ’ ಎನ್ನುವ ಪಕ್ಷ. ಮೂರನೆಯವಳಾಗಿ ಎದ್ದು ನಿಂತು ಎದುರಿನವರ ವಾದವನ್ನು ಎಳೆ ಎಳೆಯಾಗಿ ಬಿಡಿಸಿ ಕೈಗೆ ಕೊಟ್ಟೆ. ಭಾಷೆ ಎಂದರೆ ಬಳಕೆ. ಬಳಕೆ ತಪ್ಪಿದ್ದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೈಮುಗಿದರೆ ಅದು ಭಾವುಕತೆ, ಅಷ್ಟೆ.

ವಿಲೆಟನ್‌ನ ಮನೆಗೆ ಬಂದು ಅಡುಗೆಮನೆಯಲ್ಲಿ ಅಮ್ಮನ ಮುಂದೆ ಇದನ್ನೆಲ್ಲ ಇನ್ನೊಮ್ಮೆ ಒಪ್ಪಿಸಿದೆ. ಕ್ಲಿನಿಕ್‌ನಿಂದ ಆಗಷ್ಟೇ ಬಂದಿದ್ದ ಡಾಕ್ಟರ್ ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತ ಕೇಳಿಸಿಕೊಂಡರು.

“ಶಭಾಷ್ ಲಾಯರಮ್ಮ. ಭಾಷೆ ಸಾಯ್ಲಿ ಅನ್ನೋದನ್ನ ಇಷ್ಟು ಅಚ್ಚುಕಟ್ಟಾಗಿ ಕನ್ನಡದಲ್ಲಿ ಹೇಳಿದ್ಯಲ್ಲ, ಅದೇ ಖುಷಿ.”

ಹನ್ನೊಂದು ವರ್ಷವಾದಾಗ ಮೈಸೂರಿನಿಂದ ಬಂದವಳು ನಾನು. ಇಲ್ಲೇ ಹುಟ್ಟಿದ ನನ್ನ ವಾರಿಗೆಯವರು ಕನ್ನಡದ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಪಾರಾಗುತ್ತಿದ್ದರು. ನನಗೆ ಆ ಸೌಲಭ್ಯ ಇರಲಿಲ್ಲ. ಇಂಗ್ಲಿಷಿನಲ್ಲಿ ಎದುರುವಾದಿಸಿದರೆ ಅಮ್ಮನಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ಹಾಗಾಗಿ ವಾದಕ್ಕೋಸ್ಕರವಾದರೂ ಕನ್ನಡ ಉಳಿಸಿಕೊಂಡೆ.

ಅದೇ ಹೊತ್ತಿಗೆ ಗರಾಜಿನ ಕಡೆಯ ಬಾಗಿಲು ತಳ್ಳಿಕೊಂಡು ಅಕ್ಕ ಬಂದಳು. ಅವಳ ಹಿಂದೆ ಇಬ್ಬರು ಹೆಂಗಸರು, ನೀರು ಕುಡಿಯಲು. ಅಕ್ಕ ನನ್ನ ಕೈಯಲ್ಲಿದ್ದ ಕಪ್ ನೋಡಿದಳು, ವಿಷಯ ಏನೆಂದು ಕೇಳಿದಳು, ಆಮೇಲೆ ಅವರತ್ತ ತಿರುಗಿ ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿದಳು: “ನನ್ನ ತಂಗಿ ಈಗ ತಾನೇ ನಿಮ್ಮ ಭಾಷೆ ಸಾಯಿಸಿ ಬಂದಿದಾಳೆ. ಪ್ರೈಜ್ ಬೇರೆ ಕೊಟ್ಟಿದಾರೆ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಏಕೆಂದರೆ ಅವರಿಬ್ಬರೂ ನೂಂಗಾರ್ ಎಂಬ ಮೂಲನಿವಾಸಿ ಜನ. ಪರ್ತ್ ಇರುವ ನೆಲವೇ ಅವರದು. ನಮ್ಮ ಗರಾಜು, ಅಪ್ಪನ ಕಾರು, ಅಮ್ಮನ ಕರಿಬೇವಿನ ಗಿಡ ಎಲ್ಲ ನಿಂತಿರುವುದೂ ಅದರ ಮೇಲೆಯೇ.

ಎತ್ತರದವಳು ಕಪ್ ಇಸಿದುಕೊಂಡು ಹಿಂದೆ ಮುಂದೆ ನೋಡಿದಳು. “ಇಷ್ಟು ದೊಡ್ಡ ಭಾಷೆಗೆ ಇಷ್ಟು ಸಣ್ಣ ಕಪ್ಪಾ?” ಅಂದಳು. ನಲ್ಲಿ ತಿರುಗಿಸಿ, ಅದರಲ್ಲೇ ನೀರು ಹಿಡಿದು ಗಟಗಟ ಕುಡಿದಳು. “ಸೋರಲ್ಲ. ಒಳ್ಳೇ ಕಪ್ಪು.”

ಅವಳೇ ಹಾಡುಗಾರ್ತಿ. ಹೆಸರು ಬರೆಯುವುದಿಲ್ಲ. ಬರೆಯಲೇ ಎಂದು ಕೇಳಿದಾಗ ‘ಶೇಮ್’, ಅಂದರೆ ನಾಚಿಕೆ, ಎಂದು ಮುಖ ಮುಚ್ಚಿಕೊಂಡಳು. ಜೊತೆಗಿದ್ದವಳು ಅವಳ ಕಸಿನ್, ಬೇಸ್ ಗಿಟಾರ್ ನುಡಿಸುವವಳು, ಯಾವ ಗಂಭೀರ ಸನ್ನಿವೇಶವನ್ನೂ ಐದು ನಿಮಿಷಕ್ಕಿಂತ ಹೆಚ್ಚು ಸಹಿಸದವಳು. ಅಕ್ಕನದು ಪಿಟೀಲು. ಮೂವರೂ ವಾರಕ್ಕೆರಡು ಸಂಜೆ ನಮ್ಮ ಗರಾಜಿನಲ್ಲಿ ಸೇರುತ್ತಿದ್ದರು. ಅವರೆಲ್ಲ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ನನ್ನ ತಲೆಯಲ್ಲಿ ಮಾತ್ರ ಅದು ಮೈಸೂರಿನ ಧಾಟಿಯಲ್ಲಿ ಉಳಿದುಬಿಟ್ಟಿದೆ. ಪ್ರತಿ ವಾಕ್ಯದ ಕೊನೆಗೆ ನಾವು ‘ಅಲ್ವಾ’ ಅಂತ ಅಂಟಿಸುವ ಹಾಗೆ ಅವರು ‘ಉನ್ನ’ ಅಂತ ಅಂಟಿಸುತ್ತಿದ್ದುದೂ ಅದಕ್ಕೆ ಕಾರಣವಿರಬಹುದು.

ಅವರ ಹಾಡುಗಳ ಬಗ್ಗೆ ನನಗೆ ಅನುಮಾನಗಳಿದ್ದವು. ಯಾವುದರ ಬಗ್ಗೆ ಇರಲಿಲ್ಲ! ಗಿಟಾರಿನ ತಂತಿಗಳನ್ನು ಬೆರಳಿನಿಂದ ಬಿಡಿಬಿಡಿಯಾಗಿ ಮೀಟುತ್ತ, ಪಕ್ಕದ ಮನೆಯವರಿಗೆ ಸುದ್ದಿ ಹೇಳುವಂತೆ ಕಥೆ ಹೇಳಿಕೊಂಡು ಹೋಗುವುದು ಜಾನಪದದ ರೀತಿ. ಅದರ ನಡುವೆ ಹೊಟ್ಟೆಯ ತಳದಿಂದ ಒಂದು ಸ್ವರ ಎಳೆದು ತಂದು, ಅದನ್ನು ಗಂಟಲಲ್ಲಿ ಸ್ವಲ್ಪ ಹರಿದು ಬಿಡುವುದು ಅಮೆರಿಕದ ಸೋಲ್ ಸಂಗೀತದ ರೀತಿ. ಇವೆರಡೂ ಒಂದೇ ಹಾಡಿನಲ್ಲಿ ಯಾಕೆ ಎಂದು ನಾನು ಕೇಳಿದೆ. “ನಮ್ಮನೇಲಿ ರೆಕಾರ್ಡ್ ಪ್ಲೇಯರ್ ಒಂದೇ ಇತ್ತು, ಕೇಳೋರು ಒಂಬತ್ತು ಜನ” ಅಂದಳು ಹಾಡುಗಾರ್ತಿ. ಅಂದಿನಿಂದ ಗರಾಜಿನಲ್ಲಿ ಮಡಚುವ ಕುರ್ಚಿಯೊಂದು ನನಗೆ ಖಾಯಂ ಆಯಿತು. “ಸುಲಭಕ್ಕೆ ತಲೆದೂಗೋಳಲ್ಲ ಇವಳು, ಮುಂದೆ ಕೂರಿಸಿ” ಎಂಬುದು ಅವಳ ಆಜ್ಞೆ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು, ಮುಂದಿನ ಯಡವಟ್ಟಿಗೆ ಅದೇ ಮೂಲ. ಅಕ್ಕ ಫಾರ್ಮಸಿ ಓದಿ ಕೆಲಸಕ್ಕಿದ್ದಳು. ಬ್ಯಾಂಡ್ ಸೇರುತ್ತೇನೆ ಎಂದಾಗ ಅಪ್ಪ ಸಿಟ್ಟಿನಿಂದ ಕುಣಿದಾಡಿದರು. “ಫಾರ್ಮಸಿ ಓದಿ ಪಬ್ಬಲ್ಲಿ ಪಿಟೀಲು ಬಾರಿಸ್ತಾಳಂತೆ! ಬಾರ್ಸಮ್ಮ, ಬಾರ್ಸು.” ಅಕ್ಕ ಎದುರು ಮಾತಾಡಲಿಲ್ಲ. ಕೋಣೆಗೆ ಹೋಗಿ ಮೈಸೂರಿಗೆ ಫೋನ್ ಹಚ್ಚಿ ಅಪ್ಪನ ಅಮ್ಮನಿಗೆ ಎಲ್ಲ ಹೇಳಿದಳು. ಮಾರನೇ ದಿನ ಅಜ್ಜಿಯ ಫೋನ್ ಅಪ್ಪನಿಗೆ ಬಂತು. “ಬಾರ್ಸಕ್ಕೆ ತಾನೇ ಕಲ್ಸಿದ್ದು? ಬಾರಿಸ್ಲಿ ಬಿಡೋ.” ಮುಗಿಯಿತು. ಅಪ್ಪ ಮರುದಿನ ತಾವೇ ಕಾರನ್ನು ಗರಾಜಿನಿಂದ ಹೊರಗೆ ತೆಗೆದು ಜಾಗ ಮಾಡಿಕೊಟ್ಟರು. ಅಪ್ಪ ಅಮ್ಮ ಬೇಡ ಎನ್ನುವ ಸಾಧ್ಯತೆ ಇದ್ದರೆ ಅವರನ್ನು ಕೇಳಲೇಬಾರದು, ನೇರ ಅವರ ಮೇಲಿನವರ ಹತ್ತಿರ ಹೋಗಬೇಕು. ನಾನು ಇದಕ್ಕೆ ಮೇಲ್ಮನವಿ ಎಂದು ಹೆಸರಿಟ್ಟಿದ್ದೆ. ಮದುವೆ, ಕೋರ್ಸು, ಸ್ಕೂಟರು, ನಮ್ಮ ಬಳಗದಲ್ಲಿ ಎಲ್ಲವೂ ಇತ್ಯರ್ಥವಾದದ್ದು ಮೇಲಿನ ಕೋರ್ಟಿನಲ್ಲೇ.

ನಾನು ಕಾನೂನು ಓದಲು ಅಡಿಲೇಡ್‌ಗೆ ಹೋದ ಮೇಲೆ ಹಾಡುಗಾರ್ತಿ ತನ್ನ ಅಜ್ಜಿಯ ಬಗ್ಗೆ ಒಂದು ಹಾಡು ಕಟ್ಟಿದಳು. ಮೊದಲೆರಡು ಚರಣ ಇಂಗ್ಲಿಷಿನಲ್ಲಿ. ಮೂರನೆಯದು ನೂಂಗಾರ್ ಭಾಷೆಯಲ್ಲಿ, ಎರಡೇ ಸಾಲು. ಆ ಸಾಲುಗಳನ್ನು ಅವಳು ಕಟ್ಟಿದ್ದಲ್ಲ. ಅಜ್ಜಿ ಮಗುವನ್ನು ಮಲಗಿಸುವಾಗ ಹಾಡುತ್ತಿದ್ದದ್ದು. ಆ ಮಗು ಹಾಡುಗಾರ್ತಿಯ ಅಮ್ಮ. ಐದು ವರ್ಷವಾದಾಗ ಅವರನ್ನು ಬಿಳಿಯರಂತೆ ಬೆಳೆಸಲೆಂದು ಸರ್ಕಾರದವರು ತಾಯಿಯ ಕೈಯಿಂದ ಬಿಡಿಸಿ ಹಾಸ್ಟೆಲಿಗೆ ಸೇರಿಸಿದರು. ಆ ಕಾಲದಲ್ಲಿ ಹಾಗೆ ಸಾವಿರಾರು ಮಕ್ಕಳು. ಅಲ್ಲಿ ಮನೆಯ ಭಾಷೆ ಬಾಯಿಗೆ ಬಂದರೆ ಏಟು. ದೊಡ್ಡವರಾದ ಮೇಲೆ ಅವರು ಆ ಭಾಷೆಯ ಮಾತೆತ್ತಿದರೆ “ನಂಗೆ ಬರಲ್ಲ” ಎಂದು ಎದ್ದು ಇನ್ನೊಂದು ಕೋಣೆಗೆ ಹೋಗಿಬಿಡುತ್ತಿದ್ದರು. ಹಾಡುಗಾರ್ತಿ ಆ ಎರಡು ಸಾಲು ಕಲಿತದ್ದು ಅಜ್ಜಿಯ ತಂಗಿಯಿಂದ. ಅವರನ್ನು ಎಲ್ಲರೂ ಆಂಟಿ ಎನ್ನುತ್ತಿದ್ದರು. ನಮ್ಮಲ್ಲಿ ಕಂಡ ಕಂಡವರೆಲ್ಲ ಆಂಟಿ. ಅವರಲ್ಲಿ ಅದು ಗಳಿಸಿಕೊಳ್ಳಬೇಕಾದ ಪದವಿ.

ಅವರ ರೂಢಿ ಹೀಗೆ: ಹಿರಿಯರ ಮಾತು, ಹಿರಿಯರ ಹಾಡು ಹೊರಗೆ ಹಾಡಬೇಕಾದರೆ ಮೊದಲು ಅವರೆದುರು ಹಾಡಿ ಒಪ್ಪಿಗೆ ಪಡೆಯಬೇಕು. ಹಾಡುಗಾರ್ತಿಗೆ ಅಮ್ಮನನ್ನು ಕೇಳುವ ಧೈರ್ಯ ಇರಲಿಲ್ಲ. ಅಮ್ಮನಿಗೆ ತಿಳಿಯದಂತೆ ಅಮ್ಮನ ಲಾಲಿ ಕಲಿತಿದ್ದಾಳೆ. ಬೇಡ ಎಂದರೆ ಹಾಡು ಮಾತ್ರ ಹೋಗುವುದಿಲ್ಲ, ಅಮ್ಮನ ಮುಖ ನೋಡುವುದೂ ಕಷ್ಟವಾಗುತ್ತದೆ. ಆಗ ನಮ್ಮ ಅಕ್ಕ ಅನುಭವದ ಮಾತು ಹೇಳಿದಳು. “ಅಮ್ಮನ್ನ ಯಾಕೆ ಕೇಳ್ತೀಯ? ಆಂಟಿ ನಿಮ್ಮಮ್ಮನಿಗೂ ದೊಡ್ಡೋರು ತಾನೇ? ಅವರ ಹತ್ರ ಹೂಂ ಅನ್ನಿಸ್ಕೊಂಡ್ಬಿಡು. ಆಮೇಲೆ ಅಮ್ಮ ಏನೂ ಮಾತಾಡಕ್ಕಾಗಲ್ಲ.”

ನೂಂಗಾರ್ ಹಾಡಿಗೆ ಮೈಸೂರಿನ ಮೇಲ್ಮನವಿ.

ಆಂಟಿ ಆಗ ಅಡಿಲೇಡ್‌ನ ಪ್ರಾಸ್ಪೆಕ್ಟ್‌ನಲ್ಲಿ ಮಗನ ಮನೆಯಲ್ಲಿದ್ದರು, ನನ್ನ ಬಾಡಿಗೆ ಕೋಣೆಯಿಂದ ನಡೆದುಹೋಗುವಷ್ಟು ಹತ್ತಿರ. ಜುಲೈ ರಜೆಯಲ್ಲಿ ಬ್ರಿಸ್ಬೇನ್‌ನ ಒಂದು ಸಂಗೀತೋತ್ಸವಕ್ಕೆ ಹೊರಟಿದ್ದ ಮೂವರೂ ದಾರಿಯಲ್ಲಿ ಅಡಿಲೇಡ್‌ನಲ್ಲಿ ಇಳಿದರು. ಟೀ ಶರ್ಟು, ಸಿಡಿ ಮಾರಲು ನಾನೂ ಅವರ ಜೊತೆ ಹೊರಡುವುದೆಂದಾಗಿತ್ತು. ಬರಿಗೈಯಲ್ಲಿ ಹೋಗಬಾರದೆಂದು ನಮ್ಮ ಅಮ್ಮ ಪರ್ತ್‌ನಿಂದ ಕೋಡುಬಳೆ ಕಳಿಸಿದ್ದರು. ಸಕ್ಕರೆ ಕಾಯಿಲೆ ಇರುತ್ತದೆ, ಸಿಹಿ ಬೇಡ ಎಂಬ ಡಾಕ್ಟರ ಎಚ್ಚರಿಕೆ ಸಮೇತ.

ಆಂಟಿ ಹೀಟರಿನ ಪಕ್ಕ ಮೊಣಕಾಲಿಗೆ ಕಂಬಳಿ ಹೊದ್ದು ಕೂತಿದ್ದರು. ಟೀವಿಯಲ್ಲಿ ಸದ್ದಿಲ್ಲದೆ ಫುಟ್‌ಬಾಲ್. ಒಂದು ಕೋಡುಬಳೆ ಕಚ್ಚಿ, ಕೈಗೆ ತೆಗೆದು ನೋಡಿದರು. “ಇದು ತಿನ್ನಕ್ಕಾ, ಹಲ್ಲು ಪರೀಕ್ಷೆಗಾ?”

“ಟೀಲಿ ಅದ್ದಿ ತಿನ್ನಿ ಆಂಟಿ” ಅಂದಳು ಅಕ್ಕ. ಅದ್ದಿ ತಿಂದರು. ಇನ್ನೊಂದು ತೆಗೆದುಕೊಂಡರು. ಇದು ಒಳ್ಳೆಯ ಸೂಚನೆ ಎಂದುಕೊಂಡೆವು.

ಹಾಡುಗಾರ್ತಿ ಹಾಡಿದಳು. ಅಕ್ಕ ಪಿಟೀಲನ್ನು ಕೆಳಗಿನ ಸ್ಥಾಯಿಯಲ್ಲಿ, ಪಕ್ಕದಲ್ಲಿ ನಡೆದು ಬರುವಂತೆ ನುಡಿಸಿದಳು. ಮೂರನೆಯ ಚರಣ ಬಂದಾಗ ಹಾಡುಗಾರ್ತಿಯ ಎಂದಿನ ಎದೆಗಾರಿಕೆ ಎಲ್ಲ ಹೋಗಿ ದನಿ ಸಣ್ಣದಾಯಿತು. ಮುಗಿಯಿತು. ಆಂಟಿ ಟೀವಿ ನೋಡುತ್ತಿದ್ದರು.

ಹೀಟರ್ ಟಿಕ್ ಟಿಕ್ ಎನ್ನುತ್ತಿತ್ತು. ಫುಟ್‌ಬಾಲ್‌ನವರು ಒಂದು ಗೋಲು ಹೊಡೆದರು, ಆಂಟಿ ಅದಕ್ಕೂ ಏನೂ ಅನ್ನಲಿಲ್ಲ. ಚರ್ಚೆಯಲ್ಲಿ ಬೆಳೆದವಳಿಗೆ ಮೌನ ಎಂದರೆ ಒಂದೇ ಅರ್ಥ: ಸಮಯ ಓಡುತ್ತಿದೆ, ನಮ್ಮ ಪಕ್ಷದವರು ಎದ್ದು ಮಾತಾಡುತ್ತಿಲ್ಲ. ತಡೆಯಲಾಗಲಿಲ್ಲ.

“ಆಂಟಿ, ಮೂರು ಅಂಶಗಳಿವೆ” ಎಂದು ಶುರು ಮಾಡಿಬಿಟ್ಟೆ. ಅಕ್ಕ ಕಾಲು ತುಳಿದಳು. ಎದುರುಪಕ್ಷದ ಅಡ್ಡಿಗಳಿಗೆ ಜಗ್ಗಬಾರದೆಂದು ನಮಗೆ ತರಬೇತಿಯಾಗಿದೆ. ಒಂದು, ಭಾಷೆ ಉಳಿಯುವುದು ಬಳಕೆಯಿಂದ. ಎರಡು, ವೇದಿಕೆಯ ಮೇಲೆ ಹಾಡುವುದೂ ಬಳಕೆಯೇ. ಮೂರು, ಒಪ್ಪಿಗೆಯ ಬಾಗಿಲು ಇಷ್ಟು ಇಕ್ಕಟ್ಟಾದರೆ ಒಳಗೆ ಬರುವ ಮಕ್ಕಳೇ ಕಡಿಮೆಯಾಗುತ್ತಾರೆ. ಆದ್ದರಿಂದ ನಿರಾಕರಣೆಯು ತನ್ನ ಉದ್ದೇಶವನ್ನೇ ಸೋಲಿಸುತ್ತದೆ.

ಆಂಟಿ ನನ್ನತ್ತ ತಿರುಗಿ ಪೂರ್ತಿ ಕೇಳಿಸಿಕೊಂಡರು. “ಆಯ್ತಾ ಲವ್?”

“ಆಯ್ತು.”

“ನಾನು ಬೇಡ ಅಂದ್ನಾ?”

“ಇಲ್ಲ…”

“ಮತ್ತೆ ಇಷ್ಟೊತ್ತು ಯಾರ ಜೊತೆ ಜಗಳ ಆಡ್ತಿದ್ದೆ?”

ಕಸಿನ್ ಸೋಫಾದಿಂದ ನೆಲಕ್ಕೆ ಜಾರಿ ಹೊಟ್ಟೆ ಹಿಡಿದುಕೊಂಡಳು. “ಚೆನ್ನಾಗಿ ಮಾತಾಡ್ತಾಳೆ, ಉನ್ನ?” ಎಂದರು ಆಂಟಿ ಅವಳಿಗೆ. “ಕೌನ್ಸಿಲ್ ಮೀಟಿಂಗಿಗೆ ಕರ್ಕೊಂಡು ಹೋಗೋಣ. ಆ ಜನಕ್ಕೆ ಬೇಕು ಇಂಥೋಳು.”

ನನ್ನ ವಾದ ಸರಿಯಾಗಿತ್ತೆಂದೇ ಈಗಲೂ ನನ್ನ ಅಭಿಪ್ರಾಯ. ಮಂಡಿಸಿದ ಜಾಗ ಮಾತ್ರ ಬೇರೆಯದು.

ನಗು ನಿಂತ ಮೇಲೆ ಆಂಟಿ ಹಾಡುಗಾರ್ತಿಯನ್ನು ನೋಡಿದರು. “ನಿಮ್ಮಮ್ಮ ಏನಂದ್ಲು?”

“ಇನ್ನೂ ಕೇಳಿಲ್ಲ ಆಂಟಿ. ನೀವು ಹೂಂ ಅಂದ್ರೆ ಆಮೇಲೆ…”

“ಓಹೋ. ನನ್ನ ಹೂಂನ ಜೇಬಲ್ಲಿಟ್ಕೊಂಡು ಅವಳ ಮುಂದೆ ಹೋಗಿ ನಿಲ್ಲೋದು. ಯಾರದು ಈ ಐಡಿಯಾ?”

ನಾವೆಲ್ಲ ಅಕ್ಕನನ್ನು ನೋಡಿದೆವು. ಅಕ್ಕ ಪಿಟೀಲಿನ ಪೆಟ್ಟಿಗೆಯ ಕೊಂಡಿಯಲ್ಲಿ ಏನೋ ದೋಷ ಹುಡುಕುತ್ತಿದ್ದಳು.

“ಚೆನ್ನಾಗಿ ಹಾಡ್ದೆ ಬಬ್. ನಮ್ಮಕ್ಕ ಕೇಳಿದ್ರೆ ನಗ್ತಿದ್ಲು” ಎಂದರು ಆಂಟಿ, ಈಗ ಮೆತ್ತಗೆ. ಬಬ್ ಎಂದರೆ ಅವರಲ್ಲಿ ಮಗು, ಪುಟ್ಟಿ ಎಂದ ಹಾಗೆ. “ಆದ್ರೆ ಕೊಡೋದಕ್ಕೆ ಆ ಹಾಡು ನನ್ನ ಹತ್ರ ಇಲ್ಲ. ನಾನು ಪಕ್ಕದ ಕೋಣೇಲಿ ಮಲ್ಕೊಂಡು ಕೇಳಿಸ್ಕೊಂಡೋಳು. ಅವಳು ಹಾಡ್ತಿದ್ದದ್ದು ನಿಮ್ಮಮ್ಮಂಗೆ. ಹೋಗು, ಅವಳನ್ನ ಕೇಳು.”

ಸಾಮಾನು ಜಾಸ್ತಿ ಇದ್ದದ್ದರಿಂದ ಅಡಿಲೇಡ್‌ನಿಂದ ವ್ಯಾನ್ ಬಾಡಿಗೆಗೆ ಹಿಡಿದು ಹೊರಟೆವು. ಅಕ್ಕ, ಕಸಿನ್ ಸರದಿಯ ಮೇಲೆ ಓಡಿಸಿದರು. ಹಾಡುಗಾರ್ತಿ ಹಿಂದಿನ ಸೀಟಿನಲ್ಲಿ ಆಂಪ್ಲಿಫೈಯರಿಗೆ ಒರಗಿಕೊಂಡು ಕಿಟಕಿ ನೋಡುತ್ತಿದ್ದಳು. ಕೆಂಪು ಮಣ್ಣು, ಬೇಲಿ, ಮತ್ತೆ ಕೆಂಪು ಮಣ್ಣು. ಸಾಮಾನ್ಯವಾಗಿ ಅವಳಿರುವ ಗಾಡಿಯಲ್ಲಿ ರೇಡಿಯೋ ಬೇಡ. ಈ ಸಲ ನಾವೇ ರೇಡಿಯೋ ಹಾಕಿದೆವು.

“ನಿನ್ನ ಮೇಲ್ಮನವಿ ವಜಾ ಆಯ್ತಲ್ಲ” ಎಂದು ಅಕ್ಕನನ್ನು ಕೆಣಕಿದೆ.

“ಮುಚ್ಕೊಂಡು ಕೂತ್ಕೋ. ನೀನು ಮೂರು ಅಂಶ ಅಂತ ಬಾಯಿ ಹಾಕ್ದೆ ಇದ್ದಿದ್ರೆ ಆಂಟಿ ಹೂಂ ಅಂತಿದ್ರು.”

“ಇದಕ್ಕೆ ಪುರಾವೆ?”

“ಬ್ರಿಸ್ಬೇನ್‌ನಲ್ಲಿ ಬಾಯಿ ಬಿಟ್ರೆ ನೋಡು, ನಿನ್ನನ್ನ ಸರ್ವೋದಲ್ಲೇ ಬಿಟ್ಟು ಬರ್ತೀನಿ.”

ಆ ಹೊತ್ತಿಗೆ ನಾವು ನಿಂತಿದ್ದದ್ದು ಒಂದು ಸರ್ವೋದಲ್ಲೇ, ಅಂದರೆ ಪೆಟ್ರೋಲ್ ಬಂಕಿನಲ್ಲಿ. ಸಸ್ಯಾಹಾರಿ ಎಂದರೆ ಬ್ರೆಡ್ಡು, ಚಿಪ್ಸು. ಅಕ್ಕ ಬ್ರೆಡ್ಡಿನ ನಡುವೆ ಅಮ್ಮನ ಚಟ್ನಿಪುಡಿ ಉದುರಿಸಿ ಎಲ್ಲರಿಗೂ ಹಂಚಿದಳು. ಕಸಿನ್ ತನ್ನ ಮಾಂಸದ ಪೈ ಮೇಲೂ ಒಂದಿಷ್ಟು ಸುರಿದುಕೊಂಡು “ಡೆಡ್ಲಿ!” ಎಂದಳು. ಅವರ ಭಾಷೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಹಾಡುಗಾರ್ತಿ ಮಾತ್ರ ಬ್ರೆಡ್ ಕೈಯಲ್ಲೇ ಹಿಡಿದುಕೊಂಡಿದ್ದಳು.

“ಅಮ್ಮ ಬೇಡ ಅಂದ್ರೆ ಹಾಡಲ್ಲ. ಅದು ಸುಲಭ” ಎಂದಳು ಕೊನೆಗೆ. “ಅವಳು ನಂಗೆ ಒಂದ್ಸಲಾನೂ ಹಾಡಿಲ್ಲ ಅದನ್ನ. ಯಾಕೆ ಹಾಡಿಲ್ಲ ಅಂತ ನಂಗೆ ಗೊತ್ತು. ಗೊತ್ತಿದ್ದೂ ಇನ್ನೊಬ್ಬರ ಹತ್ರ ಕಲ್ತು ಬಂದೆ. ಕದ್ದೆ ಅಂತ ಅಂದ್ಕೊಂಡ್ರೆ?”

ನನ್ನ ಬಾಯಲ್ಲಿ ಬ್ರೆಡ್ಡು ಇದ್ದದ್ದು ಒಳ್ಳೆಯದೇ ಆಯಿತು.

ಅವಳ ಅಮ್ಮನ ಮನೆ ಬ್ರಿಸ್ಬೇನ್‌ನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ. ಹತ್ತಿರದ ಟೆಕ್ನಾಲಜಿ ಪಾರ್ಕಿನ ಒಂದು ಆಫೀಸಿನಲ್ಲಿ ಪೇರೋಲ್ ವಿಭಾಗ ನೋಡಿಕೊಳ್ಳುತ್ತಿದ್ದರು. ಬೆಂಗಳೂರಿನಿಂದ ಬಂದ ಹುಡುಗರ ಉದ್ದುದ್ದ ಹೆಸರುಗಳನ್ನು ತಪ್ಪಿಲ್ಲದೆ ಹೇಳುವವರು ಆ ಆಫೀಸಿನಲ್ಲಿ ಅವರೊಬ್ಬರೇ ಎಂದು ಆಮೇಲೆ ತಿಳಿಯಿತು. ನಾವು ತಲುಪಿದಾಗ ಬುಧವಾರದ ಆರ್ವೋ, ಅಂದರೆ ಇಳಿಮಧ್ಯಾಹ್ನ. ರಜೆ ಹಾಕಿದ್ದವರು ಹಿತ್ತಲಲ್ಲಿ ಟೊಮೇಟೊ ಗಿಡಗಳಿಗೆ ನೀರು ಬಿಡುತ್ತಿದ್ದರು. ಜುಲೈ ಚಳಿಯಲ್ಲಿ ಟೊಮೇಟೊ! ಅಡಿಲೇಡ್‌ನಲ್ಲಿ ಹಲ್ಲು ಕಟಕಟಿಸಿ ಬಂದ ನಮಗೆ ಹೊಟ್ಟೆಯುರಿಯಿತು.

“ಶೂ ಬಿಚ್ರಿ. ಕೆಟಲ್ ಇಟ್ಟಿದೀನಿ. ಒಳಗೆ ಬನ್ನಿ” ಎಂದರು. ಮಗಳನ್ನು ಅಪ್ಪಿಕೊಂಡು, ದೂರ ಹಿಡಿದು ನೋಡಿದರು. “ಏನಾಗಿದೆ ನಿಂಗೆ? ನಿನ್ನ ಮುಖ ನಂಗೆ ಗೊತ್ತಿಲ್ವಾ?”

ಹಾಡುಗಾರ್ತಿಗೆ ಪೀಠಿಕೆ ಹಾಕಲು ಬರುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ, ಇನ್ನೂ ಒಂದು ಕಾಲಲ್ಲಿ ಶೂ ಇರುವಾಗಲೇ ಹೇಳಿಬಿಟ್ಟಳು. ಆಂಟಿ ಹತ್ತಿರ ಕಲಿತದ್ದು, ಪ್ರಾಸ್ಪೆಕ್ಟ್‌ನಲ್ಲಿ ಹಾಡಿದ್ದು, ಅಮ್ಮನನ್ನು ಮೊದಲು ಕೇಳದೇ ಇದ್ದದ್ದು, ಎಲ್ಲ.

ಅವಳ ಅಮ್ಮ ಸಿಂಕಿನ ಕಡೆ ತಿರುಗಿ ಈರುಳ್ಳಿ ಹೆಚ್ಚತೊಡಗಿದರು. ಇನ್ನೊಂದು ಕೋಣೆಗೆ ಎದ್ದು ಹೋಗಲಿಲ್ಲ. ಹಾಡುಗಾರ್ತಿ ಅದನ್ನು ಗಮನಿಸಿದ್ದು ನನಗೆ ಕಾಣಿಸಿತು.

“ಹಾಡು” ಎಂದರು, ತಿರುಗದೆ.

ಗಿಟಾರಿಲ್ಲ, ಪಿಟೀಲಿಲ್ಲ. ಎರಡು ಸಾಲು. ಚಾಕು ಮೊದಲ ಸಾಲಿನಲ್ಲೇ ನಿಂತಿತ್ತು.

“ಬೇಡ ಬಬ್” ಎಂದರು. ಕೋಪವಿರಲಿಲ್ಲ. “ಕಲ್ತಿದ್ದಕ್ಕೆ ಬೇಜಾರಿಲ್ಲ. ನಿಂಗಲ್ದೆ ಇನ್ಯಾರಿಗೆ? ಮನೇಲಿ ಹಾಡ್ಕೋ. ಸ್ಟೇಜ್ ಮೇಲೆ ಬೇಡ. ನಮ್ಮಮ್ಮಂದು ಅಂತ ನನ್ನ ಹತ್ರ ಇರೋದು ಅದೊಂದೇ.”

ಹಾಡುಗಾರ್ತಿ ತಲೆಯಾಡಿಸಿದಳು. ಇನ್ನೊಂದು ಶೂ ಬಿಚ್ಚಲು ಬಗ್ಗಿದವಳು ಬೇಗ ಏಳಲಿಲ್ಲ. ಅಕ್ಕ ನನ್ನ ತೋಳನ್ನು ಮುಂಚಿತವಾಗಿಯೇ ಹಿಡಿದುಕೊಂಡಿದ್ದಳು. ಆದರೆ ಹಾಡುಗಾರ್ತಿಯ ಅಮ್ಮನೇ ನನ್ನತ್ತ ಚಾಕು ತೋರಿಸಿದರು.

“ವಾದ ಮಾಡೋಳು ನೀನೇ ತಾನೆ? ಆಂಟಿ ಫೋನ್ ಮಾಡಿದ್ರು. ಒಳಗೆ ಏನೋ ಕುದೀತಿದೆ, ಹೇಳ್ಬಿಡು. ಇಲ್ದಿದ್ರೆ ಊಟ ಸೇರಲ್ಲ ನಿಂಗೆ.”

ಅಕ್ಕ ತೋಳು ಬಿಟ್ಟಳು. “ಹಾಡು ಹಂಚಿದ್ರೆ ಕಮ್ಮಿ ಆಗಲ್ಲ” ಎಂದೆ, ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ. “ಹಣ್ಣು ಹಂಚಿದ್ರೆ ಕಮ್ಮಿ ಆಗುತ್ತೆ. ಹಾಡು ಹಾಗಲ್ಲ.”

“ನಿಜ. ನೀನು ನಿಮ್ಮಮ್ಮನ ಜೊತೆ ಫೋನಲ್ಲಿ ಮಾತಾಡ್ತೀಯಲ್ಲ, ಅದನ್ನ ನಾಳೆ ಪಾರ್ಕಲ್ಲಿ ಸ್ಪೀಕರ್ ಹಾಕಿ ಕೇಳ್ಸೋಣ್ವಾ? ಮಾತೇನು ಕಮ್ಮಿ ಆಗಲ್ಲ.”

ನನ್ನ ಅಮ್ಮ ಹಿಂದಿನ ರಾತ್ರಿ ಫೋನಿನಲ್ಲಿ ಏನೇನು ಅಂದಿದ್ದರು ಎಂದು ನೆನಪಾಯಿತು. ಮಲಬದ್ಧತೆಯ ಪ್ರಸ್ತಾಪವೂ ಇತ್ತು. “ಬೇಡ” ಎಂದೆ.

“ಹಾಂ.”

ಒಳ್ಳೆಯ ಖಂಡನೆ ಎಂದರೆ ಹೀಗಿರಬೇಕು. ನನ್ನ ಮಾತನ್ನು ಒಪ್ಪಿಕೊಂಡೇ ನನ್ನನ್ನು ಕೆಡವಿದ್ದರು. ನಾನು ತೀರ್ಪುಗಾರಳಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಆ ಗಳಿಗೆಯಿಂದ ನಾನು ಅವರ ಪಕ್ಷ.

ಈರುಳ್ಳಿ ಬಾಣಲೆಗೆ ಬಿತ್ತು. ಅದನ್ನು ಬಾಡಿಸುತ್ತ ಅವರೇ ಮಗಳನ್ನು ಕೇಳಿದರು. “ಅಜ್ಜಿ ಮಾತೇ ಯಾಕೆ ಬೇಕು ನಿಂಗೆ? ನಿನ್ನ ಮಾತು ಇಲ್ವಾ?”

“ಆ ಭಾಷೇಲಿ ನಂಗೇನಮ್ಮ ಬರುತ್ತೆ?”

“ಎಷ್ಟು ಬರುತ್ತೋ ಅಷ್ಟು ಹೇಳು. ಬರದೇ ಇರೋದಕ್ಕೆ ಆಂಟಿ ಇದಾರೆ.”

ಹೊಸದಾಗಿ ಕಟ್ಟಬಹುದು ಎಂಬುದು ಅವಳ ತಲೆಗೆ ಬಂದಿರಲೇ ಇಲ್ಲ. ಸಿಕ್ಕಿದ್ದನ್ನು ಜೋಪಾನ ಮಾಡಬೇಕು ಎಂದಷ್ಟೇ ಅವಳು ಯೋಚಿಸಿದ್ದು. ಫೋನನ್ನು ಮೇಜಿನ ನಡುವೆ, ಟೊಮೇಟೊ ಬುಟ್ಟಿಗೆ ಆನಿಸಿ ಇಟ್ಟಳು. ಪ್ರಾಸ್ಪೆಕ್ಟ್‌ನಿಂದ ಆಂಟಿಯ ದನಿ, ಅದರ ಹಿಂದೆ ಈ ಸಲ ಸದ್ದು ಸಮೇತ ಫುಟ್‌ಬಾಲ್.

ಕಸಿನ್ ಉತ್ಸಾಹದಿಂದ ಮೊದಲು ಬಾಯಿ ಹಾಕಿದಳು. “ಆಂಟಿ, ನದಿ ಹರೀತಾ ಇದೆ, ನಕ್ಷತ್ರ ನೋಡ್ತಾ ಇದಾವೆ, ಹಂಗೆ ಏನಾದ್ರೂ?”

“ನದಿ ಬಗ್ಗೆ ಏನೇ ಗೊತ್ತು ನಿಂಗೆ? ನಿಂಗೆ ಗೊತ್ತಿರೋದು ಫ್ರೀವೇ.”

“ಅಯ್ಯೋ, ಶೇಮ್!” ಎಂದು ಕಸಿನ್ ಮೇಜಿನ ಮೇಲೆ ತಲೆಯಿಟ್ಟಳು.

“ನಿಮ್ಮಮ್ಮ ನಿಂಗೆ ದಿನಾ ಏನು ಹೇಳ್ತಿದ್ಲು? ಅದನ್ನ ಹಾಡು” ಎಂದರು ಆಂಟಿ.

ಹಾಡುಗಾರ್ತಿ ಅಮ್ಮನನ್ನು ನೋಡಿ ನಕ್ಕಳು. “ಶೂ ಬಿಚ್ಚು. ಕೆಟಲ್ ಇಟ್ಟಿದೀನಿ. ಒಳಗೆ ಬಾ.”

“ಇಷ್ಟು ಸಾಕಲ್ಲ!” ಎಂದರು ಆಂಟಿ.

ಸಾಕಾಗಲಿಲ್ಲ. ಕೆಟಲಿಗೆ ಪದವಿಲ್ಲ. ಬೆಂಕಿಯ ಮೇಲೆ ನೀರಿದೆ ಅನ್ನು ಎಂದರು ಆಂಟಿ. ಶೂಗೂ ಇಲ್ಲ. ಕಾಲಿನ ಮಣ್ಣು ಹೊರಗೆ ಬಿಡು ಎಂದಾಯಿತು. ಅಕ್ಕ ತಾಳ ಹಾಕಿ ತೋರಿಸುತ್ತ ಒಂದು ಮಾತ್ರೆ ಉಳಿಯುತ್ತೆ, ಒಂದು ಮಾತ್ರೆ ಕಮ್ಮಿ ಬರುತ್ತೆ ಎಂದು ತಕರಾರು ಮಾಡಿದಳು. ಆಂಟಿ ಅವಳಿಗೆ, ನಿನ್ನ ಪಿಟೀಲನ್ನೇ ಸ್ವಲ್ಪ ಎಳಿ ತಾಯಿ ಎಂದರು. ಗಾಜಿನ ಪೆಟ್ಟಿಗೆಯೂ ಇಲ್ಲ, ಕೈಮುಗಿಯುವುದೂ ಇಲ್ಲ. ಸಾರಿಗೆ ಉಪ್ಪು ಸಾಕೇ ಬೇಕೇ ಎನ್ನುವಂಥ ಜಗಳ. ನಾನು ಟೊಮೇಟೊ ತಿನ್ನುತ್ತ ಕೂತು ನೋಡಿದೆ.

‘ಒಳಗೆ ಬಾ’ ಎನ್ನುವಲ್ಲಿ ಆಂಟಿ ತಡೆದರು. ಬಾ ಎಂಬುದಕ್ಕೆ ಪದವಿದೆ. ಆದರೆ ಮಗು ಬಾಗಿಲಲ್ಲೇ ನಿಂತು ನಖರಾ ಮಾಡುವಾಗ ಕರೆಯುತ್ತಾರಲ್ಲ, ಆ ಕರೆಗೆ ಬೇರೆಯೇ ಒಂದು ಪದವಿತ್ತು, ನಾಲಗೆ ತುದೀಲಿದೆ, ಬರ್ತಾ ಇಲ್ಲ ಎಂದರು. ಒಲೆಯ ಹತ್ತಿರ ನಿಂತಿದ್ದ ಹಾಡುಗಾರ್ತಿಯ ಅಮ್ಮ, ಬಾಣಲೆಯಲ್ಲಿ ಕೈಯಾಡಿಸುತ್ತಲೇ ಒಂದು ಪದ ಹೇಳಿದರು.

ಫೋನಿನಾಚೆ ಫುಟ್‌ಬಾಲಿನ ಸದ್ದು ಆರಿತು. ಆಮೇಲೆ ಆಂಟಿ, “ಅದೇ. ಅದೇ ಅದು. ನೆನಪಿದ್ಯಾ ನಿಂಗೆ?”

“ಇದೆ.”

“ಎಲ್ಲಾ ಇದ್ಯಾ?”

“ಎಲ್ಲಾ ಇಲ್ಲ ಆಂಟಿ. ಬಾಗಿಲಲ್ಲಿ ನಿಂತ್ಕೊಳ್ತಿದ್ದೋಳು ನಾನೇ ಅಲ್ವಾ.”

ಹಾಡುಗಾರ್ತಿ ಎದ್ದು ಹೋಗಿ ಅಮ್ಮನ ಬೆನ್ನಿಗೆ ಹಣೆಯಿಟ್ಟು ನಿಂತಳು. “ಈರುಳ್ಳಿ ಸೀಯುತ್ತೆ, ಬಿಡೇ” ಎಂದರು ಅವರು. ಆದರೆ ಒಲೆಯನ್ನು ತಾವೇ ಆರಿಸಿದರು. ಆ ಪದವನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯಲು ನಾನು ಯಾರನ್ನೂ ಕೇಳಿಲ್ಲ.

ಉತ್ಸವ ನದಿಯ ದಂಡೆಯ ಉದ್ಯಾನದಲ್ಲಿ ನಡೆಯಿತು. ನಾನು ಟೀ ಶರ್ಟಿನ ಮೇಜನ್ನು ಪಕ್ಕದ ಅಂಗಡಿಯವರಿಗೆ ನೋಡಿಕೊಳ್ಳಲು ಹೇಳಿ, ಹಾಡುಗಾರ್ತಿಯ ಅಮ್ಮನ ಪಕ್ಕ ಹುಲ್ಲಿನ ಮೇಲೆ ಕೂತೆ. ಅವರು ಮಡಚುವ ಕುರ್ಚಿ ತಂದಿದ್ದರು. ಆಫೀಸಿನಿಂದ ನೇರ ಬಂದಿದ್ದರು, ಕೊರಳಲ್ಲಿ ಐಡಿ ಕಾರ್ಡು ಇನ್ನೂ ನೇತಾಡುತ್ತಿತ್ತು. ಹಾಡುಗಾರ್ತಿ ವೇದಿಕೆಗೆ ಬಂದವಳು ಮೊದಲು ಆ ನೆಲದ ಹಿರಿಯರಿಗೆ ವಂದಿಸಿದಳು. ನಾನು ಇಲ್ಲಿ ಅತಿಥಿ, ನನ್ನ ಊರಿನ ಭಾಷೆಯನ್ನು ನಿಮ್ಮ ಊರಿನಲ್ಲಿ ಹಾಡಲು ನಿಮ್ಮ ಅಪ್ಪಣೆ ಕೇಳಿದ್ದೇನೆ, ಕೊಟ್ಟಿದ್ದೀರಿ ಎಂದಳು. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜ ಕೈಯೆತ್ತಿ, ಹೂಂ, ಶುರು ಮಾಡು ಎನ್ನುವಂತೆ ಸನ್ನೆ ಮಾಡಿದರು.

ಮೊದಲೆರಡು ಚರಣ ನನಗೆ ಬಾಯಿಪಾಠ. ಮೂರನೆಯದು ಬಂದಾಗ ಬೇಸ್ ನಿಂತಿತು, ಅಕ್ಕನ ಪಿಟೀಲು ಒಂದೇ ಸ್ವರ ಹಿಡಿದು ಕಾಯಿತು. ಹಾಡುಗಾರ್ತಿ ಕಾಲಿನ ಮಣ್ಣನ್ನು ಹೊರಗೆ ಬಿಡಿಸಿದಳು, ನೀರನ್ನು ಬೆಂಕಿಯ ಮೇಲಿಟ್ಟಳು. ಆಮೇಲೆ ಆ ಕರೆಯನ್ನು ಹೊಟ್ಟೆಯ ತಳದಿಂದ ಎಳೆದು, ಕೊನೆಯಲ್ಲಿ ಗಂಟಲಲ್ಲಿ ಚೂರು ಹರಿದು, ನದಿಯ ಆಚೆ ದಡದವರೆಗೂ ಬಿಟ್ಟಳು. ಅಡುಗೆಮನೆಯಲ್ಲಿ ಅದು ಹಾಗಿರಲಿಲ್ಲ. ನಾನು ಅವಳ ಅಮ್ಮನ ಮುಖ ನೋಡಲು ಹೆದರಿ ಐಡಿ ಕಾರ್ಡು ನೋಡುತ್ತ ಕೂತೆ. ಅದು ಮೇಲೆ ಕೆಳಗೆ ಆಡುತ್ತಿತ್ತು. ಅವರು ನಗುತ್ತಿದ್ದರು.

ಸುತ್ತಲಿನ ಜನ ಕಣ್ಣು ಮುಚ್ಚಿಕೊಂಡಿದ್ದರು. ನಮ್ಮ ಆಚೆ ಕೂತಿದ್ದ ಹ್ಯಾಟಿನ ಹೆಂಗಸೊಬ್ಬರು ಕಣ್ಣೊರೆಸಿಕೊಂಡು ಇವರತ್ತ ಬಗ್ಗಿದರು. “ತುಂಬಾ ಹಳೇ ಹಾಡು ಇರ್ಬೇಕು ಅಲ್ವಾ? ಸಾವಿರಾರು ವರ್ಷದ್ದು?”

“ಇಲ್ಲ. ಬುಧವಾರದ್ದು” ಎಂದರು ಅವರು. “ನನ್ನ ಮಗಳು ಕಟ್ಟಿದ್ದು. ಒಂದು ಪದ ನಾನು ಕೊಟ್ಟೆ.”